ಕುಡಿತ ಬಿಡಲು ಯಾವ ದಾರಿ: ಸಮಾಲೋಚನೆ, ಸಭೆ, ಶಿಬಿರ, ಆಸ್ಪತ್ರೆ

ಮನೆಯಲ್ಲೊಬ್ಬರ ಕುಡಿತ ಕೈಮೀರಿದೆ ಎಂದು ಗೊತ್ತಾದ ಮೇಲೆ ಸಲಹೆ ಕೊಡುವವರಿಗೆ ಬರವಿರುವುದಿಲ್ಲ. ಸ್ವಸಹಾಯ ಸಂಘದ ಹೆಂಗಸರು ಮದ್ಯವರ್ಜನ ಶಿಬಿರಕ್ಕೆ ಸೇರಿಸಿ ಎನ್ನುತ್ತಾರೆ, ಊರಿನ ವೈದ್ಯರು ನಿಮ್ಹಾನ್ಸ್‌ಗೆ ಚೀಟಿ ಬರೆದುಕೊಡುತ್ತಾರೆ, ತಾವೇ ಹಿಂದೊಮ್ಮೆ ಕುಡಿತ ಬಿಟ್ಟ ನೆಂಟರು ಎಎ (ಆಲ್ಕೋಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಬಯಸುವವರು ಒಬ್ಬರಿಗೊಬ್ಬರು ಆಸರೆಯಾಗುವ ಕೂಟ) ಸಭೆಗೆ ಬಂದು ನೋಡಿ ಎಂದು ಕರೆಯುತ್ತಾರೆ, ಮೂರು ತಿಂಗಳು ರಿಹ್ಯಾಬ್‌ನಲ್ಲಿ ಇರಿಸದೆ ಬುದ್ಧಿ ಬರುವುದಿಲ್ಲ ಎನ್ನುವವರೂ ಇರುತ್ತಾರೆ. ಪ್ರತಿಯೊಬ್ಬರ ಮಾತಿನ ಹಿಂದೆಯೂ ಕಣ್ಣಾರೆ ಕಂಡ ಒಂದೆರಡು ಉದಾಹರಣೆಗಳಿರುವುದರಿಂದ ಯಾವುದನ್ನೂ ತಳ್ಳಿಹಾಕಲಾಗುವುದಿಲ್ಲ, ಯಾವುದನ್ನು ಆರಿಸಿಕೊಳ್ಳಬೇಕೆಂದೂ ತಿಳಿಯುವುದಿಲ್ಲ. ಏಮ್ಸ್ ನಡೆಸಿ 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯದ ಸಮಸ್ಯೆಗೆ ನೆರವು ಬೇಕಾದವರು ದೇಶದಲ್ಲಿ ಸುಮಾರು 5.7 ಕೋಟಿ ಜನ. ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ಸಿಕ್ಕಿತ್ತು. ಉಳಿದವರಲ್ಲಿ ದಾರಿ ಗೊತ್ತಿಲ್ಲದವರಷ್ಟೇ ಅಲ್ಲ, ತಮಗೆ ಹೊಂದದ ದಾರಿಯನ್ನು ಒಮ್ಮೆ ಹಿಡಿದು ಸೋತು ಮತ್ತೆ ಪ್ರಯತ್ನಿಸದವರೂ ಸೇರಿದ್ದಾರೆ ಎಂಬುದು ನನ್ನ ನಂಬಿಕೆ. ಅಂಥವರಿಗಾಗಿಯೇ ಈ ಹೋಲಿಕೆ.

ಮೊದಲು ಅಳೆಯಬೇಕಾದದ್ದು

ವಿಧಾನಗಳನ್ನು ತೂಗುವ ಮೊದಲು ದೇಹ ಮದ್ಯಕ್ಕೆ ಎಷ್ಟು ಒಗ್ಗಿದೆ ಎಂದು ತಿಳಿಯಬೇಕು. ನಮ್ಮಲ್ಲಿ ಒಂದು ಡ್ರಿಂಕ್ ಎಂದರೆ 10 ಗ್ರಾಂ ಶುದ್ಧ ಮದ್ಯಸಾರ, ಅಂದರೆ ಸುಮಾರು 30 ಎಂಎಲ್ ವಿಸ್ಕಿ ಅಥವಾ ರಮ್. 90 ಎಂಎಲ್‌ನ ಒಂದು ಪ್ಯಾಕೆಟ್ ಮೂರು ಡ್ರಿಂಕ್, ಒಂದು ಕ್ವಾರ್ಟರ್ ಆರು ಡ್ರಿಂಕ್. 650 ಎಂಎಲ್ ಸ್ಟ್ರಾಂಗ್ ಬಿಯರ್ ಬಾಟಲಿಯೂ ಹೆಚ್ಚುಕಡಿಮೆ ನಾಲ್ಕು ಡ್ರಿಂಕ್ ಆಗುವುದರಿಂದ ‘ಬರೀ ಬಿಯರ್’ ಎಂಬ ಸಮಾಧಾನಕ್ಕೆ ಆಧಾರವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ‘ಆಡಿಟ್’ ಎಂಬ ಹತ್ತು ಪ್ರಶ್ನೆಗಳ ಪಟ್ಟಿಯನ್ನು ಆಸ್ಪತ್ರೆಗಳಲ್ಲಿ ಬಳಸುತ್ತಾರೆ. ಅದರಲ್ಲಿ 40ಕ್ಕೆ 8 ಮುಟ್ಟಿದರೆ ಕುಡಿತ ಅಪಾಯದ ಹಾದಿಯಲ್ಲಿದೆ, 20 ಮುಟ್ಟಿದರೆ ದಾಸ್ಯದ ಸಾಧ್ಯತೆ ಇದೆ, ತಜ್ಞರೇ ನೋಡಬೇಕು ಎಂದರ್ಥ.

ಪಟ್ಟಿ ಕೈಯಲ್ಲಿಲ್ಲದಿದ್ದರೆ ಮನೆಯವರು ಗಮನಿಸಬಹುದಾದ ಗುರುತು ಬೆಳಗಿನ ಹೊತ್ತಿನಲ್ಲಿ ಸಿಗುತ್ತದೆ. ಎದ್ದ ಕೂಡಲೇ ಕೈ ನಡುಗಿ ಕಾಫಿ ಲೋಟ ಹಿಡಿಯಲಾಗದೆ, ಒಂದು ಗುಟುಕು ಹಾಕಿದ ಮೇಲಷ್ಟೇ ನಡುಕ ನಿಲ್ಲುತ್ತದೆ ಎಂದಾದರೆ ಆ ದೇಹ ಮದ್ಯವನ್ನೇ ನೆಚ್ಚಿಕೊಂಡಿದೆ. ಅಂಥವರು ಹಠಾತ್ತನೆ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಬೆವರು, ನಡುಕ, ನಿದ್ರಾಹೀನತೆ ಶುರುವಾಗುತ್ತವೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಇಲ್ಲದ್ದು ಕಾಣಿಸಿ, ಊರು ದಿನ ಮರೆತುಹೋಗುವ ‘ಡೆಲಿರಿಯಂ ಟ್ರೆಮೆನ್ಸ್’ ಎಂಬ ಸನ್ನಿ ಹಿಡಿಯುತ್ತದೆ. ಕಾಲು ಮುರಿದು ಆಸ್ಪತ್ರೆ ಸೇರಿದವರು ಮೂರನೆಯ ರಾತ್ರಿ ‘ಗೋಡೆ ಮೇಲೆ ಹುಳ ಹರಿಯುತ್ತಿದೆ’ ಎಂದು ಡ್ರಿಪ್ ಕಿತ್ತುಕೊಂಡು ಏಳುವುದು ಇದರಿಂದಲೇ. ಇದು ಪ್ರಾಣಕ್ಕೆ ಎರವಾಗಬಲ್ಲ ಸ್ಥಿತಿ, ಆದರೆ ವೈದ್ಯರ ಕೈಯಲ್ಲಿ ತಡೆಯಬಹುದಾದದ್ದು: ಕ್ಲೋರ್‌ಡಯಾಜೆಪಾಕ್ಸೈಡ್‌ನಂಥ ಮಾತ್ರೆಯನ್ನು ದಿನದಿಂದ ದಿನಕ್ಕೆ ಇಳಿಸುತ್ತಾ, ಥಯಮಿನ್ ಎಂಬ ಬಿ1 ಜೀವಸತ್ವವನ್ನು ಕೊಡುತ್ತಾ ಒಂದು ವಾರದ ಆಸುಪಾಸಿನಲ್ಲಿ ದಾಟಿಸುತ್ತಾರೆ. ಬೆಳಗಿನ ನಡುಕ ಇರುವವರು, ಹಿಂದೆ ಕುಡಿತ ನಿಲ್ಲಿಸಿದಾಗ ಫಿಟ್ಸ್ ಅಥವಾ ಸನ್ನಿ ಕಂಡವರು ಯಾವ ದಾರಿ ಹಿಡಿಯುವುದಾದರೂ ಮೊದಲ ಹೆಜ್ಜೆ ಆಸ್ಪತ್ರೆಯದ್ದೇ ಆಗಿರಬೇಕು. ಇದರಲ್ಲಿ ಆಯ್ಕೆಯ ಮಾತಿಲ್ಲ.

ಎರಡನೆಯದಾಗಿ ನೋಡಬೇಕಾದದ್ದು ಕುಡಿಯುವವರ ಮನಸ್ಸು ಎಲ್ಲಿದೆ ಎಂಬುದು. ನನಗೇನೂ ಆಗಿಲ್ಲ ಎನ್ನುವವರಿಗೂ, ಬಿಡಬೇಕು ಆದರೆ ಆಗುತ್ತಿಲ್ಲ ಎನ್ನುವವರಿಗೂ ಒಂದೇ ವಿಧಾನ ಹಿಡಿಸುವುದಿಲ್ಲ. ಮೂರನೆಯದು ಹಣ ಮತ್ತು ಕೂಲಿಯ ದಿನಗಳ ಲೆಕ್ಕ. ದಿನಗೂಲಿಯವರಿಗೆ ಇಪ್ಪತ್ತು ದಿನದ ದಾಖಲಾತಿ ಉಚಿತವಾಗಿದ್ದರೂ ದುಬಾರಿಯೇ. ನಾಲ್ಕನೆಯದನ್ನು ಹೆಚ್ಚಿನವರು ಕೇಳುವುದೇ ಇಲ್ಲ, ನನ್ನ ದೃಷ್ಟಿಯಲ್ಲಿ ಅದೇ ಎಲ್ಲಕ್ಕಿಂತ ಮುಖ್ಯ: ಮೂರನೆಯ ತಿಂಗಳಲ್ಲಿ ಈ ಮನುಷ್ಯನ ಜತೆ ಯಾರಿರುತ್ತಾರೆ? ಶಬರಿಮಲೆಗೆ ಮಾಲೆ ಹಾಕಿದಷ್ಟೂ ದಿನ ಒಂದು ಹನಿಯನ್ನೂ ಮುಟ್ಟದೆ, ಮಾಲೆ ತೆಗೆದ ವಾರದಲ್ಲೇ ಮತ್ತೆ ಬಾರಿನ ಮೆಟ್ಟಿಲು ಹತ್ತಿದವರನ್ನು ನಾವೆಲ್ಲ ಕಂಡಿದ್ದೇವೆ. ಕೆಲವು ದಿನ ಬಿಡುವ ಶಕ್ತಿ ಬಹಳ ಮಂದಿಗಿದೆ, ಬಿಟ್ಟದ್ದನ್ನು ಉಳಿಸಿಕೊಡುವ ವ್ಯವಸ್ಥೆ ಅಪರೂಪ. ಆದ್ದರಿಂದ ಮೊದಲ ವಾರದ ಕಟ್ಟುನಿಟ್ಟನ್ನು ನೋಡಿ ಯಾವ ವಿಧಾನವನ್ನೂ ಅಳೆಯಬೇಡಿ.

ಮಾತಿನ ಚಿಕಿತ್ಸೆಗಳು

ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಮೊದಲು ವಿವರಿಸಿ, ಮುಂದೆ ಸ್ಟೀಫನ್ ರಾಲ್ನಿಕ್ ಜತೆ ಬೆಳೆಸಿದ ‘ಮೋಟಿವೇಶನಲ್ ಇಂಟರ್‌ವ್ಯೂಯಿಂಗ್’ (ಪ್ರೇರಣಾ ಸಮಾಲೋಚನೆ) ಎಂಬ ಬಗೆ ಅರೆಮನಸ್ಸಿನವರಿಗಾಗಿಯೇ ಇರುವಂಥದ್ದು. ಅದರಲ್ಲಿ ಸಮಾಲೋಚಕರು ಉಪದೇಶ ಮಾಡುವುದಿಲ್ಲ, ಕುಡಿತ ಬಿಡಲು ಕಾರಣಗಳನ್ನು ಕುಡಿಯುವವರ ಬಾಯಿಂದಲೇ ಹೊರಡಿಸುತ್ತಾರೆ. ‘ಕುಡಿತ ಬಿಡುವುದು ನಿಮಗೆ ಎಷ್ಟು ಮುಖ್ಯ, ಹತ್ತರಲ್ಲಿ ಎಷ್ಟು ಅಂಕ ಕೊಡುತ್ತೀರಿ?’ ಎಂದು ಕೇಳಿದಾಗ ‘ನಾಲ್ಕು ಅಂತ ಇಟ್ಕೊಳ್ಳಿ ಮೇಡಂ’ ಎಂಬ ಉತ್ತರ ಬಂತೆನ್ನಿ. ನಮ್ಮಲ್ಲಿ ಯಾರೇ ಆದರೂ ‘ಬರೀ ನಾಲ್ಕಾ?’ ಎನ್ನುತ್ತೇವೆ, ಎದುರಿನವರು ತಮ್ಮ ಸಮರ್ಥನೆಗೆ ಇಳಿಯುತ್ತಾರೆ. ತರಬೇತಾದ ಸಮಾಲೋಚಕರು ಕೇಳುವುದು ‘ಒಂದು ಅಂತ ಯಾಕೆ ಹೇಳಲಿಲ್ಲ?’ ಎಂದು. ಆಗ ‘ಮಗಳು ಈಗೀಗ ಹತ್ತಿರ ಬರಲ್ಲ ಮೇಡಂ, ಅದಕ್ಕೇ’ ಎಂಬಂಥ ಮಾತು ತಾನಾಗಿ ಹೊರಬರುತ್ತದೆ. ಆ ಮಾತನ್ನು ಹಿಡಿದು ಮುಂದಿನ ಸಂಭಾಷಣೆ ನಡೆಯುತ್ತದೆ.

ಇದಕ್ಕೆ ದೊಡ್ಡ ಆಸ್ಪತ್ರೆಯೇ ಬೇಕೆಂದಿಲ್ಲ ಎಂಬುದಕ್ಕೆ ನೆರೆಯ ಗೋವಾದಲ್ಲೇ ಸಾಕ್ಷ್ಯವಿದೆ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಮಾನಸಿಕ ಆರೋಗ್ಯದಲ್ಲಿ ಯಾವ ಪದವಿಯೂ ಇಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು, ಆಡಿಟ್‌ನಲ್ಲಿ 12ರಿಂದ 19 ಅಂಕ ಪಡೆದ ಗಂಡಸರ ಜತೆ ಹೆಚ್ಚೆಂದರೆ ನಾಲ್ಕು ಬಾರಿ ಕೂತು ಮಾತಾಡಿಸಿದರು. 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಫಲಿತಾಂಶದ ಪ್ರಕಾರ, ಮೂರು ತಿಂಗಳ ನಂತರ ಅಪಾಯದ ಮಟ್ಟದಿಂದ ಕೆಳಗಿಳಿದವರು ಸಮಾಲೋಚನೆ ಪಡೆದವರಲ್ಲಿ ಶೇ 36, ಪಡೆಯದವರಲ್ಲಿ ಶೇ 26. ನಾಲ್ಕು ಮಾತುಕತೆಗಳಿಗೆ ಇಷ್ಟು ಫಲವೆಂದರೆ ಸಣ್ಣದಲ್ಲ. ಆದರೆ ಈ ಅಧ್ಯಯನ ಪೂರ್ಣ ದಾಸರಾದವರ ಮೇಲೆ ನಡೆದದ್ದಲ್ಲ. ಬೆಳಗಿನ ನಡುಕದ ಹಂತಕ್ಕೆ ಹೋದವರಿಗೆ ನಾಲ್ಕು ಬಾರಿ ಮಾತಾಡಿಸಿದರೆ ಸಾಕು ಎಂದು ಇದರಿಂದ ತೀರ್ಮಾನಿಸಬಾರದು.

ಮನಸ್ಸು ಮಾಡಿದ್ದಾಗಿದೆ, ಆದರೆ ಸಂಜೆಯಾದರೆ ತಡೆಯಲಾಗುತ್ತಿಲ್ಲ ಎನ್ನುವವರಿಗೆ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ಒಟ್ಟಿಗೆ ತಿದ್ದುವ ಚಿಕಿತ್ಸೆ ಹೆಚ್ಚು ಹೊಂದುತ್ತದೆ. ಇಲ್ಲಿ ಕೆಲಸ ಬಹಳ ಸೂಕ್ಷ್ಮವಾಗಿ ನಡೆಯುತ್ತದೆ. ಗಾರೆ ಕೆಲಸದ ಮೇಸ್ತ್ರಿಯೊಬ್ಬರನ್ನು ಊಹಿಸಿಕೊಳ್ಳಿ. ಅವರ ಕುಡಿತ ವಾರವಿಡೀ ಹತೋಟಿಯಲ್ಲಿದ್ದು ಶನಿವಾರ ಕಟ್ಟೆ ಒಡೆಯುತ್ತದೆ. ಸಮಾಲೋಚಕರು ಶನಿವಾರವನ್ನು ಗಂಟೆಗಂಟೆಯಾಗಿ ಬಿಡಿಸುತ್ತಾರೆ: ಐದಕ್ಕೆ ಬಟವಾಡೆ, ನಗದು ಕೈಗೆ, ಮಧ್ಯಾಹ್ನದಿಂದ ಖಾಲಿ ಹೊಟ್ಟೆ, ಜತೆಯವರೊಡನೆ ಒಂದೇ ಆಟೋ, ಇಳಿಯುವ ಸರ್ಕಲ್ಲಿನಲ್ಲೇ ವೈನ್‌ಶಾಪ್, ‘ವಾರವಿಡೀ ದುಡಿದವನಿಗೆ ಇಷ್ಟೂ ಬೇಡವೇ’ ಎಂಬ ಯೋಚನೆ. ಸರಪಳಿ ಕಂಡಮೇಲೆ ಕೊಂಡಿಗಳನ್ನು ಒಂದೊಂದಾಗಿ ಕಳಚಬಹುದು. ಕೂಲಿ ಹೆಂಡತಿಯ ಖಾತೆಗೆ ಬರುವಂತೆ ಅವರೇ ಒಪ್ಪಿ ಮಾಡಿಸುವುದು, ನಾಲ್ಕಕ್ಕೆ ಹೊಟ್ಟೆ ತುಂಬ ತಿನ್ನುವುದು, ಬೇರೆ ಬಸ್ಸು ಹಿಡಿಯುವುದು, ‘ಒಂದೇ ಒಂದು ಪೆಗ್’ ಎಂದು ಎಳೆಯುವವರಿಗೆ ಹೇಳುವ ಉತ್ತರವನ್ನು ಬಾಯಿಪಾಠವಾಗುವಷ್ಟು ಅಭ್ಯಾಸ ಮಾಡುವುದು. ತುಡಿತ ಏರಿ, ತುದಿ ಮುಟ್ಟಿ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ ಎಂದು ಒಮ್ಮೆ ಅನುಭವದಿಂದ ತಿಳಿದರೆ ಅದರ ಮುಂದೆ ಕೂರುವ ಧೈರ್ಯ ಬರುತ್ತದೆ. ಇದರ ಕೊರತೆಯೆಂದರೆ ಹತ್ತು ಹನ್ನೆರಡು ವಾರ ತಪ್ಪದೆ ಹೋಗಬೇಕು, ಕಲಿತ ಸಮಾಲೋಚಕರು ಬೆಂಗಳೂರು, ಧಾರವಾಡ, ಮೈಸೂರು, ಮಂಗಳೂರಿನಂಥ ಊರುಗಳಲ್ಲೇ ಹೆಚ್ಚು, ಖಾಸಗಿಯಲ್ಲಿ ಪ್ರತಿ ಭೇಟಿಗೂ ಶುಲ್ಕವಿದೆ.

ಈ ಎರಡರಲ್ಲಿ ಯಾವುದು ಮೇಲು ಎಂದು ಕೇಳುವವರಿಗೆ 1997ರಲ್ಲಿ ಫಲಿತಾಂಶ ಪ್ರಕಟವಾದ ಅಮೆರಿಕದ ‘ಪ್ರಾಜೆಕ್ಟ್ ಮ್ಯಾಚ್’ ಅಧ್ಯಯನದ ಉತ್ತರವಿದೆ. 1,726 ಮಂದಿಯನ್ನು ಮೂರು ಗುಂಪು ಮಾಡಿ, ಒಂದಕ್ಕೆ ಹನ್ನೆರಡು ಬಾರಿ ಸಿಬಿಟಿ, ಇನ್ನೊಂದಕ್ಕೆ ಎಎ ದಾರಿಗೆ ಒಯ್ಯುವ ಹನ್ನೆರಡು ಭೇಟಿ, ಮತ್ತೊಂದಕ್ಕೆ ಪ್ರೇರಣೆ ಹೆಚ್ಚಿಸುವ ನಾಲ್ಕೇ ಭೇಟಿ ಕೊಟ್ಟು ನೋಡಿದರೆ, ಮೂರೂ ಗುಂಪಿನವರ ಕುಡಿತ ಚೆನ್ನಾಗಿ ಇಳಿಯಿತು, ಗುಂಪುಗಳ ನಡುವೆ ದೊಡ್ಡ ಅಂತರವೇ ಕಾಣಲಿಲ್ಲ. ಕಂಡ ಸಣ್ಣ ವ್ಯತ್ಯಾಸಗಳು ಆಯ್ಕೆಗೆ ಉಪಯುಕ್ತ: ಬೇಗ ಸಿಟ್ಟಿಗೇಳುವ ಸ್ವಭಾವದವರಿಗೆ ವಾದಕ್ಕಿಳಿಯದ ಪ್ರೇರಣಾ ಸಮಾಲೋಚನೆ ಹೆಚ್ಚು ಹಿಡಿಸಿತು, ಸುತ್ತಲಿನ ಗೆಳೆಯರೆಲ್ಲ ಕುಡಿಯುವವರೇ ಆಗಿದ್ದವರಿಗೆ ಮೂರು ವರ್ಷದ ನಂತರ ನೋಡಿದಾಗ ಎಎ ದಾರಿ ಹೆಚ್ಚು ಫಲ ಕೊಟ್ಟಿತ್ತು.

ಎಎ ಸಭೆ ಮತ್ತು ಮದ್ಯವರ್ಜನ ಶಿಬಿರ

1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಹುಟ್ಟಿದ ಆಲ್ಕೋಹಾಲಿಕ್ಸ್ ಅನಾನಿಮಸ್‌ನ ಸಭೆಗಳು ಕರ್ನಾಟಕದ ನಗರಗಳಲ್ಲಿ ಕನ್ನಡದಲ್ಲೂ ನಡೆಯುತ್ತವೆ. ಶುಲ್ಕವಿಲ್ಲ, ಹೆಸರು ಹೊರಗೆ ಹೋಗುವುದಿಲ್ಲ, ಸಂಜೆ ಒಂದು ಒಂದೂವರೆ ಗಂಟೆ ಕೊಟ್ಟರೆ ಸಾಕು, ಕೆಲಸಕ್ಕೆ ರಜೆ ಬೇಕಿಲ್ಲ. ಹಳಬರೊಬ್ಬರು ಸ್ಪಾನ್ಸರ್ ಆಗಿ ನಿಂತರೆ ತುಡಿತ ಬಂದ ರಾತ್ರಿ ಫೋನ್ ಮಾಡಲು ಒಬ್ಬರು ಸಿಕ್ಕಂತೆ. ಮೂರನೆಯ ತಿಂಗಳ ಪ್ರಶ್ನೆಗೆ ಇಷ್ಟು ಅಗ್ಗದ, ಇಷ್ಟು ಗಟ್ಟಿಯಾದ ಉತ್ತರ ಇನ್ನೊಂದಿಲ್ಲ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2020ರ ಪರಾಮರ್ಶೆ 27 ಅಧ್ಯಯನಗಳನ್ನು ಒಟ್ಟುಗೂಡಿಸಿ, ಪೂರ್ತಿ ಬಿಟ್ಟಿರುವ ವಿಷಯದಲ್ಲಿ ಎಎ ಕಡೆಗೆ ವ್ಯವಸ್ಥಿತವಾಗಿ ಕರೆದೊಯ್ಯುವ ಚಿಕಿತ್ಸೆ ಸಿಬಿಟಿಯಂಥ ಬೇರೆ ಚಿಕಿತ್ಸೆಗಳಿಗೆ ಸಮ, ಕೆಲವೆಡೆ ಮೇಲು ಎಂದು ಕಂಡುಕೊಂಡಿತು. ಆದರೆ ಎಲ್ಲರೆದುರು ಮಾತಾಡಲು ಮುಜುಗರಪಡುವವರು, ದೇವರು ಅಥವಾ ‘ಮೇಲಿನ ಶಕ್ತಿ’ಯ ಮಾತು ಹಿಡಿಸದವರು ಎರಡು ಸಭೆಗೆ ನಿಲ್ಲಿಸಿಬಿಡುತ್ತಾರೆ. ಒಂದು ಸಭೆ ಹಿಡಿಸದಿದ್ದರೆ ಇನ್ನೊಂದು ಬಡಾವಣೆಯದ್ದನ್ನು ನೋಡಿ. ಗುಂಪಿನಿಂದ ಗುಂಪಿಗೆ ಜನ ಬೇರೆ, ಹದವೂ ಬೇರೆ. ಸಣ್ಣ ಊರುಗಳಲ್ಲಿ ಸಭೆಯೇ ಇಲ್ಲದಿರಬಹುದು.

ಆ ಜಾಗವನ್ನು ನಮ್ಮ ಹಳ್ಳಿಗಳಲ್ಲಿ ತುಂಬಿರುವುದು ಮದ್ಯವರ್ಜನ ಶಿಬಿರಗಳು. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಜನಜಾಗೃತಿ ವೇದಿಕೆಯ ಮೂಲಕ ನಡೆಸುವ ಇವು ಸುಮಾರು ಎಂಟು ದಿನದವು. ಊರಿನ ಕಲ್ಯಾಣಮಂಟಪವೋ ಸಮುದಾಯ ಭವನವೋ ಶಿಬಿರವಾಗುತ್ತದೆ, ಊರಿನವರೇ ಸೇರಿ ಖರ್ಚು ಹೊರುತ್ತಾರೆ, ಯೋಗ, ಭಜನೆ, ಸಮಾಲೋಚನೆಗಳ ಜತೆ ಮನೆಯವರನ್ನೂ ಕೂರಿಸಿ ಮಾತಾಡಿಸುತ್ತಾರೆ. ಬಿಟ್ಟವರನ್ನು ಮುಂದೆ ನವಜೀವನ ಸಮಿತಿಗಳಲ್ಲಿ ಒಟ್ಟುಗೂಡಿಸುತ್ತಾರೆ. ಇದರ ಬಲ ಇರುವುದು ಬಹಿರಂಗದಲ್ಲಿ: ಊರೇ ನೋಡುತ್ತಿರುವಾಗ ಮಾಡಿದ ಸಂಕಲ್ಪಕ್ಕೆ ಬೇರೆಯೇ ತೂಕವಿದೆ, ಮರ್ಯಾದೆ ಮರಳಿ ಸಿಕ್ಕಿದ ಸಂತೋಷವೂ ಇದೆ. ಇದರ ತೊಡಕೂ ಅಲ್ಲೇ ಇದೆ. ತಿಂಗಳೊಳಗೆ ಒಮ್ಮೆ ಜಾರಿದವರು ನಾಚಿಕೆಯಿಂದ ಸಮಿತಿಯ ಸಭೆಗೆ ಮುಖ ತೋರಿಸುವುದಿಲ್ಲ, ಬೆಂಬಲ ಹೆಚ್ಚು ಬೇಕಾದ ಹೊತ್ತಿನಲ್ಲೇ ಕೈತಪ್ಪುತ್ತದೆ. ನಿಮ್ಮ ಊರಿನ ಶಿಬಿರಕ್ಕೆ ಸೇರಿಸುವ ಮುನ್ನ ಎರಡನ್ನು ವಿಚಾರಿಸಿ: ರಾತ್ರಿ ವೈದ್ಯರು ಅಥವಾ ನರ್ಸ್ ಇರುತ್ತಾರೆಯೇ, ಹಿಂದಿನ ವರ್ಷದ ಶಿಬಿರದವರು ಈಗಲೂ ಸೇರುತ್ತಾರೆಯೇ. ತೀವ್ರ ನಡುಕದವರಾದರೆ ಮೊದಲು ಆಸ್ಪತ್ರೆ, ಆಮೇಲೆ ಶಿಬಿರ.

ದಾಖಲಾತಿ ಮತ್ತು ಮಾತ್ರೆ

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಕೇಂದ್ರವಿದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇದೆ, ಜಿಲ್ಲಾಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ, ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ನಿಗದಿತ ದಿನ ತಾಲ್ಲೂಕು ಆಸ್ಪತ್ರೆಗಳಲ್ಲೂ ಮನೋವೈದ್ಯರನ್ನು ಕಾಣಬಹುದು. ಇಲ್ಲಿ ಖರ್ಚು ಕಡಿಮೆ, ದೇಹ ಮನಸ್ಸು ಎರಡನ್ನೂ ನೋಡುತ್ತಾರೆ, ಖಿನ್ನತೆಯೋ ಪಿತ್ತಜನಕಾಂಗದ ತೊಂದರೆಯೋ ಇದ್ದರೆ ಪತ್ತೆಯಾಗುತ್ತದೆ. ದೂರ ಮತ್ತು ಸರದಿ ಇದರ ಕಷ್ಟ. ಖಾಸಗಿ ರಿಹ್ಯಾಬ್‌ಗಳಲ್ಲಿ ತಿಂಗಳಿಗೆ ಹತ್ತಾರು ಸಾವಿರ ಹೋಗುತ್ತದೆ, ಒಳ್ಳೆಯವೂ ಇವೆ, ಬರೀ ಕೂಡಿಹಾಕುವವೂ ಇವೆ. ಸಾಲ ಮಾಡಿ ಸೇರಿಸುವ ಮೊದಲು ನೋಂದಣಿ ಪತ್ರ ಕೇಳಿ, ಮನೋವೈದ್ಯರು ವಾರಕ್ಕೆ ಎಷ್ಟು ಬಾರಿ ಬರುತ್ತಾರೆ ಎಂದು ಕೇಳಿ, ಮನೆಯವರು ಭೇಟಿಯಾಗಲು ಬಿಡುತ್ತಾರೆಯೇ ಎಂದು ಕೇಳಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯವ್ಯಸನವನ್ನೂ ತನ್ನ ವ್ಯಾಪ್ತಿಗೆ ತಂದಿದೆ, ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ಯಾವ ರೂಪದಲ್ಲೂ ನಿಷೇಧಿಸಿದೆ. ಮೂರು ತಿಂಗಳು ಬೀಗ ಹಾಕಿದ ಕೋಣೆಯಲ್ಲಿದ್ದವರಿಗೆ ಶನಿವಾರದ ಸರ್ಕಲ್ಲನ್ನು ದಾಟುವುದು ಹೇಗೆಂದು ಯಾರೂ ಕಲಿಸದಿದ್ದರೆ ಹಣವೂ ಕಾಲವೂ ವ್ಯರ್ಥ.

ಮಾತ್ರೆಗಳು ಈ ಎಲ್ಲ ದಾರಿಗಳ ಜತೆಗೂ ಹೊಂದುತ್ತವೆ. ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ತುಡಿತವನ್ನು ತಗ್ಗಿಸಿ ಸಮಾಲೋಚನೆಗೆ ಜಾಗ ಮಾಡಿಕೊಡುತ್ತವೆ. ಡೈಸಲ್ಫಿರಾಂ ಬೇರೆ ಬಗೆಯದು. ಅದನ್ನು ತೆಗೆದುಕೊಂಡವರು ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿಯುತ್ತದೆ. ರೋಗಿ ತಾನೇ ಒಪ್ಪಿ, ಮನೆಯವರ ಕಣ್ಣೆದುರು ದಿನವೂ ನುಂಗಿದರೆ ಅದು ಒಳ್ಳೆಯ ಕಾವಲು. ‘ಅವರಿಗೆ ಗೊತ್ತಾಗದಂತೆ ಸಾರಿನಲ್ಲಿ ಬೆರೆಸಿ ಕೊಡಿ’ ಎಂಬ ಮಾತನ್ನು ಮಾತ್ರ ದಯವಿಟ್ಟು ಯಾರೂ ಕೇಳಬೇಡಿ. ಗೊತ್ತಿಲ್ಲದೆ ಮಾತ್ರೆ ತಿಂದವರು ಸಂಜೆ ಎಂದಿನಂತೆ ಕ್ವಾರ್ಟರ್ ಕುಡಿದರೆ ಜೀವವೇ ಹೋಗಬಹುದು, ಉಳಿದರೂ ಮನೆಯ ಊಟದ ಮೇಲಿನ ನಂಬಿಕೆ ಹೋಗುತ್ತದೆ.

ಕುಡಿಯದೆ ಬಂದ ಪ್ರತಿ ಪರೀಕ್ಷೆಗೂ ಸಣ್ಣ ಬಹುಮಾನ ಕೊಡುವ ಪದ್ಧತಿಯೊಂದು ಅಮೆರಿಕದಲ್ಲಿ, ಮುಖ್ಯವಾಗಿ ಕೊಕೇನ್ ವ್ಯಸನಕ್ಕೆ, ಒಳ್ಳೆಯ ಫಲ ಕೊಟ್ಟಿದೆ. ನಮ್ಮಲ್ಲಿ ಅದು ವ್ಯವಸ್ಥಿತವಾಗಿ ಸಿಗುವುದು ವಿರಳವಾದ್ದರಿಂದ ಇಲ್ಲಿ ಬೆಳೆಸುವುದಿಲ್ಲ.

ಕುಡಿಯುವವರು ಒಪ್ಪದಿದ್ದರೆ

ಆಗ ಚಿಕಿತ್ಸೆ ಮನೆಯವರಿಂದ ಶುರುವಾಗಬಹುದು. ‘ಕ್ರಾಫ್ಟ್’ ಎಂಬ ತರಬೇತಿಯಲ್ಲಿ ಹೆಂಡತಿಗೆ ಅಥವಾ ತಾಯಿಗೆ ಕಲಿಸುವುದು ಇಷ್ಟು: ಕುಡಿಯದೆ ಬಂದ ಸಂಜೆ ಜತೆಗೆ ಕೂತು ಊಟ ಮಾಡಿ, ಮಾತಾಡಿ; ಕುಡಿದು ಬಂದ ರಾತ್ರಿ ಜಗಳವಾಡದೆ ದೂರ ಸರಿಯಿರಿ; ಮಾಲೀಕರಿಗೆ ಸುಳ್ಳು ಹೇಳಿ ರಜೆ ಕೇಳುವ ಕೆಲಸವನ್ನು ನೀವು ಮಾಡಬೇಡಿ; ಅವರು ಪಶ್ಚಾತ್ತಾಪದಲ್ಲಿರುವ ಬೆಳಗ್ಗೆ ನೋಡಿ ಚಿಕಿತ್ಸೆಯ ಮಾತೆತ್ತಿ. 1999ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಹೀಗೆ ತರಬೇತಾದ ಮನೆಗಳ ಶೇ 64ರಷ್ಟು ಕುಡಿಯುವವರು ಚಿಕಿತ್ಸೆಗೆ ಬಂದರು. ಎಲ್ಲರೂ ಸೇರಿ ಎದುರು ಕೂರಿಸಿ ಒತ್ತಾಯಿಸುವ ಕ್ರಮದಲ್ಲಿ ಬಂದವರು ಶೇ 30. ಮನೆಯಲ್ಲಿ ಹೊಡೆತ ಬಡಿತವಿದ್ದರೆ ಮಾತ್ರ ಈ ಪ್ರಯೋಗಕ್ಕೆ ಕೈಹಾಕಬೇಡಿ, ಮೊದಲು ನಿಮ್ಮ ಮತ್ತು ಮಕ್ಕಳ ಸುರಕ್ಷತೆ ನೋಡಿಕೊಳ್ಳಿ.

ಇನ್ನು ನಿರ್ಧಾರದ ಮಾತು. ವಾರಾಂತ್ಯದಲ್ಲಿ ಅತಿಯಾಗಿ ಕುಡಿಯುವ, ನಡುಕವಿಲ್ಲದ, ಕೆಲಸ ಬಿಡಲಾಗದ ನೌಕರರು ಪ್ರೇರಣಾ ಸಮಾಲೋಚನೆಯಿಂದ ಶುರುಮಾಡಲಿ, ಸಾಲದಿದ್ದರೆ ಸಿಬಿಟಿಗೆ ಹೋಗಲಿ. ಬೆಳಗ್ಗೆಯೇ ಕುಡಿಯುವ, ಕೈಯಲ್ಲಿ ಹಣವಿಲ್ಲದ ಹಳ್ಳಿಯವರಿಗೆ ಜಿಲ್ಲಾಸ್ಪತ್ರೆಯಲ್ಲಿ ಒಂದೆರಡು ವಾರ, ಅಲ್ಲಿಂದ ಮಾತ್ರೆ, ಮುಂದೆ ಊರಿನ ಶಿಬಿರ ಮತ್ತು ಸಮಿತಿ ಎಂಬ ಜೋಡಣೆ ಎಲ್ಲಕ್ಕಿಂತ ಮೇಲೆಂದು ನನಗನ್ನಿಸುತ್ತದೆ. ನಗರದಲ್ಲಿ ಒಂಟಿಯಾಗಿರುವವರಿಗೆ, ಗೆಳೆಯರೆಲ್ಲ ಬಾರಿನಲ್ಲೇ ಇರುವವರಿಗೆ ಎಎ. ಕುಡಿಯುವವರು ಹೆಂಗಸಾಗಿದ್ದರೆ, ಸಭೆ ಶಿಬಿರಗಳಲ್ಲಿ ಗಂಡಸರೇ ತುಂಬಿರುವುದರಿಂದ, ಆಸ್ಪತ್ರೆಯ ಸಮಾಲೋಚಕರೊಬ್ಬರ ಜತೆ ಗುಟ್ಟಾಗಿ ಮಾತು ಆರಂಭಿಸುವುದು ಸುಲಭ. ಹಿಂದೆ ಎರಡು ಮೂರು ಕಡೆ ಪ್ರಯತ್ನಿಸಿ ಜಾರಿದವರು, ಆತ್ಮಹತ್ಯೆಯ ಮಾತಾಡುವವರು ನೇರವಾಗಿ ಮನೋವೈದ್ಯರಲ್ಲಿಗೇ ಹೋಗಬೇಕು, ತಡಮಾಡದೆ. ಎಲ್ಲಿಂದ ಶುರುಮಾಡುವುದೆಂದೇ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲಿರುಳು ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಎರಡೂ ಉಚಿತ.

ಆರಿಸಿಕೊಂಡ ದಾರಿಗೆ ಮೂರು ತಿಂಗಳು ಕೊಡಿ. ಅಷ್ಟರಲ್ಲಿ ಒಂದು ರಾತ್ರಿ ಜಾರಿದರೆ ವಿಧಾನವನ್ನು ಬದಲಿಸಬೇಕಿಲ್ಲ, ಮರುದಿನವೇ ಅದೇ ಸಮಾಲೋಚಕರನ್ನೋ ಸ್ಪಾನ್ಸರನ್ನೋ ಕಂಡು ಆ ಸಂಜೆ ಏನಾಯಿತೆಂದು ಬಿಡಿಸಿ ನೋಡಿದರೆ ಸಾಕು. ಜಾರುವುದು ವಾರವಾರವೂ ನಡೆಯುತ್ತಿದ್ದರೆ, ಅಥವಾ ಬೆಳಗಿನ ನಡುಕ ಮರಳಿದ್ದರೆ, ಇನ್ನೊಂದನ್ನು ಸೇರಿಸಿಕೊಳ್ಳಿ: ಸಮಾಲೋಚನೆ ಮಾತ್ರ ಇದ್ದವರು ಮಾತ್ರೆಯನ್ನು, ಮಾತ್ರೆ ಮಾತ್ರ ಇದ್ದವರು ಸಭೆಯನ್ನು, ಮನೆಯಲ್ಲೇ ಇದ್ದವರು ಒಂದು ಸುತ್ತು ದಾಖಲಾತಿಯನ್ನು. ಮೊದಲ ಭೇಟಿಗೆ ಹೋಗುವಾಗ ಕಳೆದ ವಾರ ಯಾವ ದಿನ ಎಷ್ಟು ಎಂಎಲ್ ಆಯಿತು, ಈ ಹಿಂದೆ ಎಲ್ಲೆಲ್ಲಿ ಏನೇನು ಪ್ರಯತ್ನಿಸಿದ್ದಿರಿ, ಈಗ ಬೇರೆ ಯಾವ ಮಾತ್ರೆ ನಡೆಯುತ್ತಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಕುಡಿಯುವವರೇ ತಮ್ಮ ಕೈಯಾರೆ ಬರೆದರೆ ಇನ್ನೂ ಒಳ್ಳೆಯದು.